ಎರಡು ನಿಲುಗೆರೆಗಳ ನಡುವೆ: ಸುಂಡಾ ಲಿಪಿಯ ಅಂಕಿಗಳು ಕಂಪ್ಯೂಟರಿಗೆ ಬಂದ ಪ್ರಕರಣ

ಪ್ರಕರಣ ಇಷ್ಟು. ಇಂಡೋನೇಷ್ಯಾದ ಸುಂಡಾ ಲಿಪಿಯಲ್ಲಿ ಬರೆದ ವಾಕ್ಯವೊಂದರ ನಡುವೆ ಇಸವಿ ಬರುತ್ತದೆ. 2008 ಎಂದಿಟ್ಟುಕೊಳ್ಳೋಣ. ಆ ಲಿಪಿಯ ಕ್ರಮದಂತೆ ನಾಲ್ಕು ಅಂಕಿಗಳ ಹಿಂದೊಂದು, ಮುಂದೊಂದು ನಿಲುಗೆರೆ ಇರಬೇಕು. ನಮ್ಮ ಅಂಕಿಗಳಲ್ಲಿ ತೋರಿಸುವುದಾದರೆ |೨೦೦೮|. ಪರದೆ ಅಗಲವಾಗಿದ್ದಾಗ ಏನೂ ತೊಂದರೆಯಿಲ್ಲ. ಮೊಬೈಲಿನ ಕಿರಿಯ ಪರದೆಯಲ್ಲಿ ಅದೇ ಇಸವಿ ಸಾಲಿನ ಅಂಚಿಗೆ ಬಂದರೆ, ಮೊದಲ ಗೆರೆ ಮೇಲಿನ ಸಾಲಿನ ತುದಿಯಲ್ಲೇ ಉಳಿದು, ಅಂಕಿಗಳೂ ಎರಡನೆಯ ಗೆರೆಯೂ ಕೆಳಗಿನ ಸಾಲಿಗೆ ಜಾರಬಹುದು. ಇಸವಿಯನ್ನು ಗೆರೆಗಳ ಸಮೇತ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕೊಟ್ಟು ಪೂರ್ಣಾಂಕ ಮಾಡು ಎಂದರೆ ಅದು ದೋಷ ಎನ್ನುತ್ತದೆ. ಗೆರೆ ತೆಗೆದು ಕೊಟ್ಟರೆ ತಕರಾರಿಲ್ಲದೆ 2008 ಎಂದು ಓದುತ್ತದೆ. ವಿಕಿಯ ಟೆಂಪ್ಲೇಟಿನೊಳಗೆ ಹಾಕಿದರೆ ಗೆರೆಯನ್ನು ಅದು ವಿಭಾಜಕ ಎಂದು ತಿಳಿದು ಸಂಖ್ಯೆಯನ್ನು ಬೇರೆಯೇ ಖಾನೆಗೆ ತಳ್ಳುತ್ತದೆ.

ಈ ಮೂರೂ ಕಡೆ ಅಂಕಿಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿವೆ. ಎಡವಟ್ಟಾಗಿರುವುದು ಗೆರೆಯಲ್ಲಿ. ನನ್ನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಒಂದು ಲಿಪಿಯ ಅಂಕಿಗಳಿಗೆಲ್ಲ ಸಂಕೇತ (ಕಂಪ್ಯೂಟರು ಗುರುತಿಸುವ ಸಂಖ್ಯೆ) ಸಿಕ್ಕಿದ ಮೇಲೂ ಆ ಲಿಪಿಯಲ್ಲಿ ಸಂಖ್ಯೆ ಬರೆಯುವ ಪದ್ಧತಿ ಕಂಪ್ಯೂಟರಿನೊಳಗೆ ಬಂದಿರದೆ ಹೋಗಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಹೊಳೆಯುವುದಿಲ್ಲ.

ಸುಂಡಾ ಭಾಷೆ ಇಂಡೋನೇಷ್ಯಾದ ಪಶ್ಚಿಮ ಜಾವಾದ್ದು. ಬಾಂಡುಂಗ್ ಅದರ ದೊಡ್ಡ ಊರು. ಮೂರು ಕೋಟಿಗೂ ಹೆಚ್ಚು ಜನ ಅದನ್ನು ಆಡುತ್ತಾರೆ, ಆದರೆ ದಿನನಿತ್ಯ ಬರೆಯುವುದು ಲ್ಯಾಟಿನ್ ಅಕ್ಷರಗಳಲ್ಲಿ. ಹಳೆಯ ಸುಂಡಾ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯ ವಂಶದ್ದು. ಹದಿನಾಲ್ಕನೆಯ ಶತಮಾನದ ಕವಾಲಿ ಶಾಸನಗಳಲ್ಲೂ ಮುಂದೆ ಓಲೆಗರಿಗಳಲ್ಲೂ ಅದು ಬಳಕೆಯಲ್ಲಿತ್ತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಬಳಕೆ ತಪ್ಪಿತು. ಅದರ ಜಾಗಕ್ಕೆ ಜಾವಾ ಲಿಪಿಯಿಂದ ಬಂದ ಚಚರಕನ್, ಅರಬ್ಬಿ ಮೂಲದ ಪೆಗೋನ್, ಕೊನೆಗೆ ಲ್ಯಾಟಿನ್ ಬಂದವು. ಬಿಟ್ಟುಹೋದ ಲಿಪಿಯನ್ನು ಮತ್ತೆ ಎತ್ತಿಕೊಳ್ಳುವ ಕೆಲಸ ಸರಕಾರಿ ಮಟ್ಟದಲ್ಲಿ ಶುರುವಾದದ್ದು ಪಶ್ಚಿಮ ಜಾವಾ ಪ್ರಾಂತ್ಯ 1996ರಲ್ಲಿ ಭಾಷೆ, ಸಾಹಿತ್ಯ, ಲಿಪಿಗಳ ರಕ್ಷಣೆಗೆ ಮಾಡಿದ ನಿಯಮದಿಂದ. 1999ರಲ್ಲಿ ಗವರ್ನರರ ಆದೇಶ ಹೊರಟು 'ಅಕ್ಸರ ಸುಂಡಾ ಬಾಕು', ಅಂದರೆ ಶಿಷ್ಟ ಸುಂಡಾ ಲಿಪಿ, ನಿಶ್ಚಯವಾಯಿತು. ಹಳೆಯ ಅಕ್ಷರಗಳನ್ನು ಸರಳಗೊಳಿಸಿದರು, ಫ, ಝ, ಕ್ಸ ಮುಂತಾದ ಹೊರಗಿನ ಉಚ್ಚಾರಗಳಿಗೆ ಅಕ್ಷರ ಸೇರಿಸಿದರು, ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳನ್ನೂ ಗೊತ್ತುಮಾಡಿದರು.

ಅಂಕಿಗಳನ್ನು ಗೊತ್ತುಮಾಡುವಾಗ ಒಂದು ತೊಡಕಿತ್ತು: ಕೆಲವು ಅಂಕಿಗಳು ಕೆಲವು ಅಕ್ಷರಗಳಂತೆಯೇ ಕಾಣುತ್ತವೆ. ಪದದ ಪಕ್ಕದಲ್ಲಿ ಸಂಖ್ಯೆ ಬಂದರೆ ಓದುಗ ಅದನ್ನು ಅಕ್ಷರವೆಂದೇ ಓದಿಬಿಡಬಹುದು. ನಿಲುಗೆರೆ ಬಂದದ್ದು ಇದಕ್ಕಾಗಿ. ಎರಡು ಗೆರೆಗಳ ನಡುವೆ ಇರುವುದು ಸಂಖ್ಯೆ, ಹೊರಗೆ ಇರುವುದು ಪದ. ಓದುವ ಕಣ್ಣಿಗೆ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ.

ಕನ್ನಡಿಗರಿಗೆ ಈ ತೊಡಕು ಹೊಸದಲ್ಲ. ನಮ್ಮ ಸೊನ್ನೆ ೦, ನಮ್ಮ ಅನುಸ್ವಾರ ಂ. ಎರಡೂ ದುಂಡಗೆ. ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು ಒತ್ತಿ ಬೆರಳಚ್ಚು ಮಾಡಿದ ಬರಹಗಳು ಅಂತರ್ಜಾಲದಲ್ಲಿ ಇಂದಿಗೂ ಸಿಗುತ್ತವೆ. ಓದುವವರಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಕಂಪ್ಯೂಟರಿಗೆ ಮಾತ್ರ ಒಂದು 3302ನೆಯ ಸಂಕೇತ, ಇನ್ನೊಂದು 3202ನೆಯದು. ಆದ್ದರಿಂದ ಅಂಥ ಪದ ಹುಡುಕಾಟದಲ್ಲಿ ಸಿಗುವುದಿಲ್ಲ, ನಿಘಂಟಿನ ಕ್ರಮದಲ್ಲಿ ಎಲ್ಲಿಗೋ ಹೋಗಿ ಕೂರುತ್ತದೆ. ಸುಂಡಾದಲ್ಲಿ ಕಷ್ಟ ಓದುವವರಿಗಿತ್ತು, ಅದನ್ನು ಗೆರೆ ನೀಗಿಸಿತು. ನಮ್ಮಲ್ಲಿ ಕಷ್ಟ ಯಂತ್ರಕ್ಕಿದೆ, ಅದನ್ನು ನೀಗಿಸಲು ಬೆರಳಚ್ಚು ಮಾಡುವವರ ಎಚ್ಚರ ಬಿಟ್ಟರೆ ಬೇರೆ ಉಪಾಯವಿಲ್ಲ.

ಇನ್ನು ಯುನಿಕೋಡ್, ಅಂದರೆ ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಸಂಕೇತ ಹಂಚುವ ಮಾನದಂಡ. ಸುಂಡಾ ಲಿಪಿಯನ್ನು ಸೇರಿಸುವ ಪ್ರಸ್ತಾವವನ್ನು 2006ರಲ್ಲಿ ಬರೆದವರು ಮೈಕೆಲ್ ಎವರ್ಸನ್. ಹತ್ತಾರು ಲಿಪಿಗಳಿಗೆ ಯುನಿಕೋಡಿನ ಬಾಗಿಲು ತೆರೆಸಿದವರು ಅವರು. 2008ರ ಏಪ್ರಿಲ್‌ನಲ್ಲಿ ಬಂದ 5.1ನೆಯ ಆವೃತ್ತಿಯಲ್ಲಿ ಸುಂಡಾ ಸೇರಿತು. ನಮ್ಮ ದೇಶದ ಓಲ್ ಚಿಕಿ, ಲೆಪ್ಚಾ, ಸೌರಾಷ್ಟ್ರ ಲಿಪಿಗಳು ಸೇರಿದ್ದೂ ಅದೇ ಆವೃತ್ತಿಯಲ್ಲಿ. ಆಗ ಸುಂಡಾಕ್ಕೆ ಸಿಕ್ಕಿದ್ದು 55 ಸಂಕೇತಗಳು. ಓಲೆಗರಿಗಳ ಹಳೆಯ ಬರಹಕ್ಕೆ ಬೇಕಾದ ಇನ್ನೂ ಒಂಬತ್ತು ಸಂಕೇತಗಳು 2012ರ 6.1ನೆಯ ಆವೃತ್ತಿಯಲ್ಲಿ ಬಂದವು. ಅವುಗಳ ಜೊತೆಗೆ ಹಸ್ತಪ್ರತಿಗಳ ಎಂಟು ಅಲಂಕಾರ ಚಿಹ್ನೆಗಳು ಬೇರೊಂದು ಪುಟ್ಟ ವಿಭಾಗದಲ್ಲಿ ಸೇರಿದವು.

ಅಂಕಿಗಳು ಕೂತಿರುವ ಜಾಗ ಚೆನ್ನಾಗಿದೆ. ದಶಮಾನದಲ್ಲಿ ಹೇಳಿದರೆ 7088ರಿಂದ 7097. ಹದಿನಾರರ ಪದ್ಧತಿಯಲ್ಲಿ ಬರೆದರೆ ಸಂಕೇತದ ಕೊನೆಯ ಸ್ಥಾನವೇ ಅಂಕಿಯ ಬೆಲೆ: ಸೊನ್ನೆಯ ಸಂಕೇತ ಸೊನ್ನೆಯಲ್ಲಿ, ಏಳರದು ಏಳರಲ್ಲಿ ಮುಗಿಯುತ್ತದೆ. ಇಂಗ್ಲಿಷಿನ ಹಳೆಯ ಸಂಕೇತಪಟ್ಟಿಯಾದ ಆಸ್ಕಿಯ ಅಂಕಿಗಳಿಗೂ ಈ ಗುಣವಿದೆ. ಕನ್ನಡದ ಅಂಕಿಗಳಿಗಿಲ್ಲ. ಭಾರತೀಯ ಲಿಪಿಗಳ ವಿಭಾಗಗಳನ್ನು ಇಸ್ಕಿ ಎಂಬ ಭಾರತದ ಸಂಕೇತಪಟ್ಟಿಯ ಹಳೆಯ ಜೋಡಣೆಯನ್ನು ಅನುಸರಿಸಿ ಹಾಕಿದ್ದರಿಂದ ನಮ್ಮ ಸೊನ್ನೆ 3302ಕ್ಕೆ ಬಂದು ಕೂತಿತು, ಆ ಸಂಕೇತದ ಕೊನೆಯ ಸ್ಥಾನ ಆರು. ಇದರಿಂದ ಯಾರಿಗೂ ತೊಂದರೆಯಿಲ್ಲ, ಲೆಕ್ಕ ಮಾಡುವ ಪ್ರೋಗ್ರಾಮು 3302 ಕಳೆದುಕೊಂಡರೆ ಆಯಿತು. ಆದರೂ ಹೊಸದಾಗಿ ಜಾಗ ಹಂಚುವವರ ಕೈಗೆ ಖಾಲಿ ಹಾಳೆ ಸಿಕ್ಕಾಗ ಎಷ್ಟು ಅಚ್ಚುಕಟ್ಟಾಗಿ ಹಂಚಬಹುದು ಎಂಬುದು ಇಲ್ಲಿ ಕಾಣುತ್ತದೆ.

ಜಾಗಕ್ಕಿಂತ ಮುಖ್ಯವಾದದ್ದು ಗುಣಲಕ್ಷಣ. ಯುನಿಕೋಡ್ ಪ್ರತಿ ಸಂಕೇತಕ್ಕೂ ಒಂದು ಜಾತಕ ಬರೆದಿಡುತ್ತದೆ: ಇದು ಅಕ್ಷರವೇ, ಅಂಕಿಯೇ, ಚಿಹ್ನೆಯೇ, ಬೆಲೆ ಎಷ್ಟು, ಸಾಲು ಒಡೆಯುವಾಗ ಹೇಗೆ ನಡೆದುಕೊಳ್ಳಬೇಕು. ಸುಂಡಾ ಅಂಕಿಗಳ ಜಾತಕದಲ್ಲಿ 'ದಶಮಾನ ಅಂಕಿ' ಎಂದು ನಮೂದಾಗಿದೆ, ಬೆಲೆಯೂ ಇದೆ. ಇದರ ಫಲ ದೊಡ್ಡದು. ಸುಂಡಾ ಲಿಪಿಯ ಹೆಸರೇ ಕೇಳದ ಪ್ರೋಗ್ರಾಮರ್ ಬರೆದ ಪೈಥಾನ್ ಅಥವಾ ಜಾವಾ ಪ್ರೋಗ್ರಾಮು ಕೂಡ ಆ ಅಂಕಿಗಳನ್ನು ಸಂಖ್ಯೆಯಾಗಿ ಓದಬಲ್ಲದು. ಕನ್ನಡದ ೧೨ನ್ನು ಪೈಥಾನ್ ಹನ್ನೆರಡು ಎಂದು ಓದುವುದೂ ಇದೇ ಕಾರಣಕ್ಕೆ. ಯುನಿಕೋಡಿನ ಮೂಲ ವಿಂಗಡಣೆ ಪಟ್ಟಿಯಲ್ಲಿ ಒಂದೇ ಬೆಲೆಯ ಅಂಕಿಗಳು ಯಾವ ಲಿಪಿಯವಾದರೂ ಮೊದಲ ಹಂತದಲ್ಲಿ ಒಂದೇ ತೂಕದವು, ಹಾಗಾಗಿ ಅಕಾರಾದಿ ಜೋಡಿಸುವಾಗ ಸುಂಡಾದ ಮೂರು ಲ್ಯಾಟಿನ್‌ನ ಮೂರರ ಪಕ್ಕದಲ್ಲೇ ಬರುತ್ತದೆ.

ಅಂಕಿಗೆ ಬೇರೆ ಸಂಕೇತವೇ ಬೇಡ, ಆಸ್ಕಿಯ ಅಂಕಿಗಳ ಮೇಲೆ ಸುಂಡಾ ರೂಪದ ಫಾಂಟು ಹೊದಿಸಿದರೆ ಸಾಕು ಎಂಬ ವಾದವೂ ಇಂಥ ಕಡೆ ಬರುತ್ತದೆ. ಆ ದಾರಿಯಲ್ಲಿ ಕನ್ನಡ ವರ್ಷಗಟ್ಟಲೆ ನಡೆದಿದೆ. ಆಸ್ಕಿ ಸ್ಥಾನಗಳಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ ಫಾಂಟುಗಳಲ್ಲಿ ಬರೆದ ಕಡತವನ್ನು ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಏನಾಗುತ್ತಿತ್ತು ಎಂದು ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಅಂಕಿಗಳ ಮಟ್ಟಿಗೆ ಫಾಂಟು ಹೋದರೂ ಬೆಲೆ ಉಳಿಯುತ್ತಿತ್ತು, ನಿಜ. ಹೋಗುತ್ತಿದ್ದದ್ದು ಇದು ಸುಂಡಾ ಅಂಕಿ ಎಂಬ ಮಾಹಿತಿ. ಲಿಪಿಯ ಪಠ್ಯವನ್ನು ಉಳಿಸಲು ಹೊರಟವರಿಗೆ ಅದನ್ನು ಕಳೆದುಕೊಳ್ಳುವುದು ಸರಿಯಲ್ಲ. ಪ್ರತ್ಯೇಕ ಸಂಕೇತ ಕೊಟ್ಟದ್ದು ಸರಿಯಾದ ನಿರ್ಣಯ ಎಂದೇ ನಾನು ಹೇಳುತ್ತೇನೆ.

ಗೆರೆಗೆ ಬರೋಣ. ನಿಲುಗೆರೆಗೆ ಸುಂಡಾ ವಿಭಾಗದಲ್ಲಿ ಜಾಗ ಕೊಡಲಿಲ್ಲ. ಸುಂಡಾ ಅಂಕಿಗಳನ್ನು ಪಠ್ಯದಲ್ಲಿ ಎರಡೂ ಬದಿ ನಿಲುಗೆರೆಯಿಂದ ಬೇರ್ಪಡಿಸುತ್ತಾರೆ ಎಂದು ಯುನಿಕೋಡಿನ ವಿವರಣೆ ಹೇಳುತ್ತದೆ. ಅದಕ್ಕೆ ಬಳಸುವುದು ಆಸ್ಕಿಯ 124ನೆಯ ಸಂಕೇತ, ಎಲ್ಲರ ಕೀಲಿಮಣೆಯಲ್ಲೂ ಇರುವ ಪೈಪ್. ಇದರಲ್ಲಿ ತರ್ಕವಿಲ್ಲ ಎನ್ನಲಾಗದು. ಬಹಳ ಲಿಪಿಗಳು ಹಂಚಿಕೊಳ್ಳಬಹುದಾದ ಚಿಹ್ನೆಯನ್ನು ಮತ್ತೆ ಮತ್ತೆ ಸಂಕೇತಿಸುವುದು ಯುನಿಕೋಡಿನ ಪದ್ಧತಿಯಲ್ಲ. ನಮ್ಮ ಪದ್ಯಗಳ ಕೊನೆಗೆ ಬರುವ ದಂಡಕ್ಕೂ ಕನ್ನಡ ವಿಭಾಗದಲ್ಲಿ ಜಾಗವಿಲ್ಲ. ದೇವನಾಗರಿ ವಿಭಾಗದ ದಂಡವನ್ನೇ ಕನ್ನಡ, ತೆಲುಗು, ತಮಿಳು ಎಲ್ಲವೂ ಬಳಸುತ್ತವೆ.

ಪಕ್ಕದ ಲಿಪಿಗೆ ಏನು ಮಾಡಿದರು ಎಂದು ನೋಡಿದರೆ ಪ್ರಶ್ನೆ ಮತ್ತೆ ಏಳುತ್ತದೆ. ಜಾವಾ ಲಿಪಿಯಲ್ಲೂ ಅಂಕಿಗಳು ಅಕ್ಷರಗಳನ್ನು ಹೋಲುತ್ತವೆ, ಅಲ್ಲೂ ಸಂಖ್ಯೆಯ ಎರಡು ಬದಿಗೆ ಚಿಹ್ನೆ ಇಡುತ್ತಾರೆ. ಅದರ ಹೆಸರು 'ಪದ ಪಂಗ್ಕಟ್'. 2009ರ 5.2ನೆಯ ಆವೃತ್ತಿಯಲ್ಲಿ ಜಾವಾ ಲಿಪಿ ಯುನಿಕೋಡಿಗೆ ಬಂದಾಗ ಆ ಚಿಹ್ನೆಗೆ ಅದರದೇ ಸಂಕೇತ ಸಿಕ್ಕಿತು: 43463. ಪದ ಪಂಗ್ಕಟ್‌ನ ಆಕಾರ ಬರೀ ನೇರ ಗೆರೆಯಲ್ಲ. ಸುಂಡಾದ ಚಿಹ್ನೆ ಬರೀ ನೇರ ಗೆರೆ, ಆ ಆಕಾರ ಆಗಲೇ ಆಸ್ಕಿಯಲ್ಲಿತ್ತು. ಒಂದೇ ದ್ವೀಪದ ಎರಡು ಲಿಪಿಗಳು, ಒಂದೇ ಕೆಲಸ ಮಾಡುವ ಎರಡು ಚಿಹ್ನೆಗಳು. ಒಂದಕ್ಕೆ ಸ್ವಂತ ಮನೆ ಸಿಕ್ಕಿತು, ಇನ್ನೊಂದಕ್ಕೆ ಬಾಡಿಗೆ ಕೋಣೆ.

ಆ ಬಾಡಿಗೆ ಕೋಣೆಯಲ್ಲಿ ಬೇರೆಯವರೂ ಇದ್ದಾರೆ. ಪೈಪ್‌ನ ಜಾತಕದಲ್ಲಿ ಅದು 'ಗಣಿತ ಚಿಹ್ನೆ'. ಗಣಿತದಲ್ಲಿ ಎರಡು ಗೆರೆಗಳ ನಡುವೆ ಸಂಖ್ಯೆ ಬರೆದರೆ ಅದು ನಿರಪೇಕ್ಷ ಬೆಲೆ. ಸುಂಡಾ ಲಿಪಿಯಲ್ಲಿ ಶಾಲಾ ಗಣಿತದ ಪುಸ್ತಕ ಮಾಡಹೊರಟವರು ಮೊದಲ ಅಧ್ಯಾಯದಲ್ಲೇ ಇದನ್ನು ಎದುರಿಸಬೇಕು. ಪ್ರೋಗ್ರಾಮಿಂಗಿನಲ್ಲಿ ಪೈಪ್ 'ಅಥವಾ' ಎಂಬ ಅರ್ಥ ಕೊಡುತ್ತದೆ. ಯುನಿಕ್ಸಿನ ಆದೇಶ ಸಾಲಿನಲ್ಲಿ ಒಂದು ಪ್ರೋಗ್ರಾಮಿನ ಫಲವನ್ನು ಇನ್ನೊಂದಕ್ಕೆ ಹರಿಸುತ್ತದೆ. ವಿಕಿಯಲ್ಲಿ, ಮಾರ್ಕ್‌ಡೌನ್‌ನಲ್ಲಿ ಕೋಷ್ಟಕದ ಖಾನೆಗಳನ್ನು ಬೇರ್ಪಡಿಸುತ್ತದೆ. ದತ್ತಾಂಶದ ಕಡತಗಳಲ್ಲಿ ಅಲ್ಪವಿರಾಮದ ಬದಲು ಪೈಪನ್ನು ವಿಭಾಜಕವಾಗಿ ಬಳಸುವವರು ಬಹಳ. ಸುಂಡಾ ಸಂಖ್ಯೆ ಇವೆಲ್ಲವುಗಳ ನಡುವೆ ಓಡಾಡುವಾಗ ಅದರ ಗೆರೆಗೆ ಯಾವ ರಕ್ಷಣೆಯೂ ಇಲ್ಲ.

ಸಾಲು ಒಡೆಯುವ ತೊಂದರೆಯ ಮೂಲವೂ ಜಾತಕದಲ್ಲೇ ಇದೆ. ಸಾಲು ಎಲ್ಲಿ ಮುರಿಯಬಹುದು ಎಂಬುದಕ್ಕೆ ಯುನಿಕೋಡಿನ ಹದಿನಾಲ್ಕನೆಯ ಅನುಬಂಧ ನಿಯಮಗಳನ್ನು ಕೊಟ್ಟಿದೆ. ಪೈಪನ್ನು ಅದು 'ಇದರ ನಂತರ ಮುರಿಯಬಹುದು' ಎಂಬ ಗುಂಪಿಗೆ ಹಾಕಿದೆ. ಆ ಗುಂಪಿನ ಚಿಹ್ನೆಯ ಹಿಂದೆ ಮುರಿಯುವಂತಿಲ್ಲ, ಮುಂದೆ ಮುರಿಯಬಹುದು. ಮುಗಿಸುವ ಗೆರೆಗೆ ಇದು ಬೇಕಾದಂತೆಯೇ ಇದೆ: ಅಂಕಿಗೂ ಅದಕ್ಕೂ ನಡುವೆ ಸಾಲು ಮುರಿಯುವುದಿಲ್ಲ. ತೆರೆಯುವ ಗೆರೆಗೆ ಪೂರ್ತಿ ವಿರುದ್ಧ: ಅದರ ಮುಂದೆ, ಮೊದಲ ಅಂಕಿಗೆ ಮುಂಚೆ, ಮುರಿಯಲು ಅನುಮತಿ ಇದೆ. ಆವರಣ ಚಿಹ್ನೆಗಳಲ್ಲಿ ಹೀಗಾಗುವುದಿಲ್ಲ, ತೆರೆಯುವುದಕ್ಕೂ ಮುಚ್ಚುವುದಕ್ಕೂ ಬೇರೆ ಬೇರೆ ಸಂಕೇತಗಳಿವೆ, ಬೇರೆ ಬೇರೆ ಗುಂಪುಗಳೂ ಇವೆ. ಒಂದೇ ಗೆರೆ ಎರಡು ಕೆಲಸ ಮಾಡುವಾಗ ಯಾವುದು ತೆರೆಯುವುದು, ಯಾವುದು ಮುಚ್ಚುವುದು ಎಂದು ತಿಳಿಯಲು ಯಂತ್ರಕ್ಕೆ ಸುಳಿವಿಲ್ಲ. ಓದುಗನಿಗೆ ಮಾತ್ರ ಒಂಟಿ ಗೆರೆಯೊಂದು ಸಾಲಿನ ಕೊನೆಯಲ್ಲಿ ನಿಂತದ್ದು ಕಾಣುತ್ತದೆ, ಮುಂದಿನ ಸಾಲು ಅಕ್ಷರದಂತೆ ಕಾಣುವ ಅಂಕಿಯಿಂದ ಶುರುವಾಗುತ್ತದೆ. ಯಾವ ಗೊಂದಲವನ್ನು ತಪ್ಪಿಸಲು ಗೆರೆ ಬಂತೋ ಅದೇ ಗೊಂದಲ.

ಸಂಖ್ಯೆಯ ಸ್ಥಾನಕ್ರಮದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಈ ನೆಲದಲ್ಲಿ ಅದು ಹಿಂದೆ ದೊಡ್ಡ ಪ್ರಶ್ನೆಯಾಗಿತ್ತು. ಪಶ್ಚಿಮ ಜಾವಾದ ಹಳೆಯ ಬರಹಗಳು ಸಂಖ್ಯೆಯನ್ನು ಅಂಕಿಗಿಂತ ಮಾತಿನಲ್ಲಿ ಹೇಳುವುದನ್ನು ಇಷ್ಟಪಟ್ಟವು. ಅರಸ ಪೂರ್ಣವರ್ಮನ ತುಗು ಶಾಸನ ಸಂಸ್ಕೃತದಲ್ಲಿದೆ. ಗೋಮತಿ ಎಂಬ ಕಾಲುವೆ 6122 ಧನುಸ್ಸು ಉದ್ದ ಎಂಬುದನ್ನು ಅದು ಅಕ್ಷರಗಳಲ್ಲೇ ಬಿಡಿಸಿ ಹೇಳುತ್ತದೆ. 1518ರ 'ಸಾಂಗ್ ಹ್ಯಾಂಗ್ ಸಿಕ್ಸ ಕಂಡಂಗ್ ಕರೆಸಿಯನ್' ಎಂಬ ಓಲೆಗರಿ ತನ್ನ ಕಾಲವನ್ನು 'ನೋರ ಚತುರ್ ಸಾಗರ ವುಲನ್' ಎನ್ನುತ್ತದೆ. ನಮ್ಮ ಶಾಸನಗಳ ಭೂತಸಂಖ್ಯೆ (ಪದಗಳಿಂದ ಅಂಕಿ ಸೂಚಿಸುವ ಪದ್ಧತಿ) ಬಲ್ಲವರಿಗೆ ಇದನ್ನು ಬಿಡಿಸುವುದು ಕಷ್ಟವಲ್ಲ: ನೋರ ಅಂದರೆ ಇಲ್ಲ, ಸೊನ್ನೆ. ಚತುರ್ ನಾಲ್ಕು. ಸಾಗರವೂ ನಾಲ್ಕು. ವುಲನ್ ಅಂದರೆ ಚಂದ್ರ, ಒಂದು. ಹಿಂದಿನಿಂದ ಓದಿದರೆ ಶಕ 1440. ಬೋಗೋರ್ ಬಳಿಯ ಕೆಬೊನ್ ಕೋಪಿಯ ಎರಡನೆಯ ಶಾಸನದಲ್ಲಿ ಇದೇ ಕ್ರಮ ಎಡವಿಸಿತು. ಅಲ್ಲಿನ 'ಕವಿಹಾಜಿ ಪಂಚ ಪಸಗಿ' ಎಂಟು, ಐದು, ನಾಲ್ಕು. ರೂಢಿಯಂತೆ ಹಿಂದಿನಿಂದ ಓದಿದರೆ ಶಕ 458. ವಿದ್ವಾಂಸ ಬಾಶ್ ಅದನ್ನು ಇದ್ದ ಹಾಗೆ 854 ಎಂದು, ಅಂದರೆ ಕ್ರಿ.ಶ. 932 ಎಂದು ಓದಿದರು. ಓದುವ ದಿಕ್ಕು ಬದಲಾದರೆ ನಾಲ್ಕು ಶತಮಾನದ ಅಂತರ. ಯುನಿಕೋಡಿನಲ್ಲಿ ಈ ಗೊಂದಲಕ್ಕೆ ಎಡೆಯಿಲ್ಲ. ಸುಂಡಾ ಅಂಕಿಗಳು ಎಡದಿಂದ ಬಲಕ್ಕೆ, ದೊಡ್ಡ ಸ್ಥಾನ ಮೊದಲು, ಬರೆದ ಕ್ರಮದಲ್ಲೇ ಕಡತದಲ್ಲೂ ಇರುತ್ತವೆ. ಕಾಲಸೂಚಕ ಪದಗಳು ಪದಗಳಾಗಿಯೇ ಉಳಿಯುತ್ತವೆ. ಅವುಗಳ ಬೆಲೆಯನ್ನು ತಿಳಿಸಬೇಕಾದರೆ ಹಸ್ತಪ್ರತಿಯನ್ನು ಡಿಜಿಟಲ್ ಮಾಡುವವರು ಪಕ್ಕದಲ್ಲಿ ಟಿಪ್ಪಣಿಯಾಗಿ ಕೊಡಬೇಕು.

ಇನ್ನು ಪರಿಹಾರ. ಗೆರೆಗೆ ಈಗ ಹೊಸ ಸಂಕೇತ ಕೇಳುವುದು ಜಾಣತನವಲ್ಲ ಎಂದು ನನಗನ್ನಿಸುತ್ತದೆ. ಇಷ್ಟು ವರ್ಷ ಪೈಪ್ ಹಾಕಿ ಬರೆದ ಪಠ್ಯವೆಲ್ಲ ಒಂದೇ ದಿನಕ್ಕೆ ಹಳತಾಗುತ್ತದೆ, ಕಣ್ಣಿಗೆ ಒಂದೇ ಥರ ಕಾಣುವ ಎರಡು ಗೆರೆಗಳು ಹುಟ್ಟುತ್ತವೆ. ನಮ್ಮ ಸೊನ್ನೆ, ಅನುಸ್ವಾರದ ಪಾಡು ಅವರಿಗೂ ಬರುತ್ತದೆ. ಮಾಡಬೇಕಾದ್ದು ಸಾಫ್ಟ್‌ವೇರಿನಲ್ಲಿ.

ಸಾಲು ಒಡೆಯುವುದನ್ನು ತಡೆಯಲು ಯುನಿಕೋಡಿನಲ್ಲೇ 'ಪದ ಜೋಡಕ' ಎಂಬ ಅಗೋಚರ ಸಂಕೇತವಿದೆ, ಸಂಖ್ಯೆ 8288. ತೆರೆಯುವ ಗೆರೆ ಮತ್ತು ಮೊದಲ ಅಂಕಿಯ ನಡುವೆ ಅದನ್ನಿಟ್ಟರೆ ಅಲ್ಲಿ ಸಾಲು ಮುರಿಯುವುದಿಲ್ಲ. ವೆಬ್ ಪುಟದಲ್ಲಾದರೆ ಸಂಖ್ಯೆಯನ್ನು ಒಂದು ಟ್ಯಾಗಿನೊಳಗೆ ಹಾಕಿ, ಪುಟದ ರೂಪವನ್ನು ಹೇಳುವ ಸಿಎಸ್‌ಎಸ್‌ನಲ್ಲಿ ಮುರಿಯಬೇಡ ಎಂದು ಹೇಳುವುದು ಇನ್ನೂ ಸ್ವಚ್ಛ, ಪಠ್ಯದೊಳಗೆ ಕಾಣದ ಕಸ ಸೇರುವುದಿಲ್ಲ. ಇದನ್ನು ಬರೆಯುವವರ ತಲೆಗೆ ಕಟ್ಟಬಾರದು. ಸುಂಡಾ ಕೀಲಿಮಣೆ ಮಾಡುವವರು ಸಂಖ್ಯೆ ಶುರುವಾದಾಗ ಗೆರೆಯನ್ನೂ ಜೋಡಕವನ್ನೂ ತಾವೇ ಹಾಕುವಂತೆ ಮಾಡಬಹುದು.

ಲೋಕೇಲ್ ದತ್ತಾಂಶದಲ್ಲಿ, ಅಂದರೆ ಆಯಾ ಭಾಷೆಯಲ್ಲಿ ಸಂಖ್ಯೆ, ದಿನಾಂಕ ಬರೆಯುವ ಕ್ರಮದ ಮಾಹಿತಿಯಲ್ಲಿ, ಇರುವ ಕೊರತೆ ಬೇರೆ ಬಗೆಯದು. ಇಂಥ ಮಾಹಿತಿಯನ್ನು ಕೂಡಿಡುವ ಯುನಿಕೋಡಿನ ಸಿಎಲ್‌ಡಿಆರ್ ಕೋಶದಲ್ಲಿ ಸುಂಡಾ ಅಂಕಿಪದ್ಧತಿಗೆ 'ಸುಂಡ್' ಎಂಬ ಗುರುತಿದೆ, ಕನ್ನಡಕ್ಕೆ 'ಕೆಎನ್‌ಡಿಎ' ಎಂಬ ನಾಲ್ಕಕ್ಷರದ ಗುರುತು ಇರುವ ಹಾಗೆ. ಜಾವಾಸ್ಕ್ರಿಪ್ಟಿನ ಸಂಖ್ಯಾ ಜೋಡಣೆಗೆ ಈ ಗುರುತು ಕೊಟ್ಟರೆ ಅದು 2008ನ್ನು ಸುಂಡಾ ಅಂಕಿಗಳಲ್ಲಿ ಬರೆದುಕೊಡುತ್ತದೆ. ಆದರೆ ಅಂಕಿಪದ್ಧತಿ ಎಂದರೆ ಅಲ್ಲಿ ಹತ್ತು ಅಂಕಿಗಳ ಪಟ್ಟಿ ಮಾತ್ರ, ಅದರಲ್ಲಿ ಗೆರೆ ಇಲ್ಲ. ದಿನಾಂಕ, ಬೆಲೆ, ದೂರವಾಣಿ ಸಂಖ್ಯೆ ಯಾವುದನ್ನು ಜೋಡಿಸಿದರೂ ಗೆರೆ ಸೇರಿಸುವ ಭಾರ ಆ್ಯಪ್ ಬರೆಯುವವರದು. ಇದನ್ನು ಎಲ್ಲಿ ಸೇರಿಸಬೇಕು, ಎಲ್ಲಿ ಬಿಡಬೇಕು ಎಂದು ಅವರೇ ನಿರ್ಧರಿಸಬೇಕು. ಕೋಷ್ಟಕದ ಖಾನೆಯಲ್ಲಿ ಸಂಖ್ಯೆಯೊಂದೇ ಇದ್ದರೆ ಗೆರೆ ಅನಗತ್ಯ, ವಾಕ್ಯದ ನಡುವೆ ಅಗತ್ಯ. ದಿನಾಂಕಕ್ಕೆ ದಿನ, ತಿಂಗಳು, ವರ್ಷ ಸೇರಿ ಒಂದೇ ಜೋಡಿ ಗೆರೆಯೇ, ಬೇರೆ ಬೇರೆಯೇ? ಇಂಥ ಪ್ರಶ್ನೆಗಳಿಗೆ ಭಾಷೆಯ ಜನರೇ ಕೂತು ಉತ್ತರ ಬರೆದು ಕೋಶಕ್ಕೆ ಸೇರಿಸಬೇಕು. ತಂತ್ರಜ್ಞರು ಊಹಿಸಿ ಬರೆಯುವ ವಿಷಯ ಇದಲ್ಲ.

ಓದಿಸುವ ದಿಕ್ಕಿನಲ್ಲೂ ಕೆಲಸವಿದೆ. ಪಠ್ಯದಿಂದ ಸಂಖ್ಯೆ ಎತ್ತುವ ಪ್ರೋಗ್ರಾಮು ಸುಂಡಾ ಅಂಕಿಗಳ ಅಕ್ಕಪಕ್ಕದ ಪೈಪನ್ನು, ಜೋಡಕವಿದ್ದರೆ ಅದನ್ನೂ, ತೆಗೆದು ಆಮೇಲೆ ಬೆಲೆ ಓದಬೇಕು. ಜಾವಾಸ್ಕ್ರಿಪ್ಟ್ ಪೈಥಾನಿನಂತಲ್ಲ, ಅದು ಆಸ್ಕಿ ಅಂಕಿಗಳನ್ನು ಬಿಟ್ಟು ಬೇರೆಯದನ್ನು ಸಂಖ್ಯೆಯಾಗಿ ಒಪ್ಪುವುದಿಲ್ಲ, ಅಲ್ಲಿ ಪ್ರತಿ ಸಂಕೇತದಿಂದ 7088 ಕಳೆದುಕೊಳ್ಳಬೇಕು. ಯುನಿಕೋಡಿನ ಸಮರೂಪೀಕರಣ ಇಲ್ಲಿ ನೆರವಿಗೆ ಬರುವುದಿಲ್ಲ. ಪೂರ್ಣ ಅಗಲದ ಅಂಕಿಗಳನ್ನು ಅದು ಆಸ್ಕಿಗೆ ತಿರುಗಿಸುತ್ತದೆ, ಸುಂಡಾ ಅಂಕಿಗಳನ್ನೂ ಕನ್ನಡದ ಅಂಕಿಗಳನ್ನೂ ಮುಟ್ಟುವುದಿಲ್ಲ. ಅರ್ಜಿಯ ನಮೂನೆಗಳನ್ನು ಪೈಥಾನಿನಲ್ಲಿ ಪರಿಶೀಲಿಸುವವರು ಇದರ ಇನ್ನೊಂದು ಮುಖವನ್ನು ಗಮನಿಸಬೇಕು: 'ಅಂಕಿ ಮಾತ್ರ' ಎಂಬ ಅವರ ತಪಾಸಣೆಯನ್ನು ಸುಂಡಾ ಅಂಕಿ ದಾಟಿಬಿಡುತ್ತದೆ, ಮುಂದೆ ದತ್ತಾಂಶ ಕೋಶದಲ್ಲಿ ಹೋಲಿಸುವಾಗ ಲ್ಯಾಟಿನ್ ಅಂಕಿಯ ಸಂಖ್ಯೆಗೂ ಅದಕ್ಕೂ ತಾಳೆಯಾಗುವುದಿಲ್ಲ. ಒಳಗೆ ಒಂದೇ ರೂಪದಲ್ಲಿ ಇಟ್ಟುಕೊಂಡು, ತೋರಿಸುವಾಗ ಮಾತ್ರ ಬೇಕಾದ ಲಿಪಿಗೆ ತಿರುಗಿಸಿಕೊಂಡರೆ ಈ ಪೇಚು ಬರುವುದಿಲ್ಲ.

ಹಳೆಯ ಓಲೆಗರಿಗಳ ಅಂಕಿಗಳಿಗೆ ಯುನಿಕೋಡ್ ಬೇರೆ ಸಂಕೇತ ಕೊಟ್ಟಿಲ್ಲ. 2012ರಲ್ಲಿ ಬಂದದ್ದು ಅಕ್ಷರಗಳು, ಚಿಹ್ನೆಗಳು ಮಾತ್ರ. ಹಸ್ತಪ್ರತಿಯ ಅಂಕಿಯ ರೂಪ ಎಷ್ಟೇ ಬೇರೆಯಾಗಿ ಕಂಡರೂ ಅದನ್ನು ಬರೆಯಬೇಕಾದ್ದು ಇದೇ ಹತ್ತು ಸಂಕೇತಗಳಲ್ಲಿ, ರೂಪದ ವ್ಯತ್ಯಾಸ ಫಾಂಟಿನ ಪಾಲು. ನಿಲುಗೆರೆಯಾದರೋ ಇಂದಿನ ಶಿಷ್ಟ ಲಿಪಿಯ ಕ್ರಮ. ಹಸ್ತಪ್ರತಿಯ ಯಥಾಪ್ರತಿ ಮಾಡುವವರು ಮೂಲದಲ್ಲಿ ಕಾಣದ ಕಡೆ ಗೆರೆ ಸೇರಿಸಬಾರದು. ಅದೇ ಪಠ್ಯವನ್ನು ಇಂದಿನ ವಿದ್ಯಾರ್ಥಿಗಳಿಗಾಗಿ ಶಿಷ್ಟ ಲಿಪಿಯಲ್ಲಿ ಅಚ್ಚು ಹಾಕುವಾಗ ಸೇರಿಸಬೇಕು. ಎರಡೂ ಆವೃತ್ತಿಗಳು ಒಂದೇ ಕಡತದಿಂದ ಹೊರಡುವುದಾದರೆ, ಗೆರೆಯನ್ನು ಪಠ್ಯದಲ್ಲಿ ಇಡದೆ ಸಂಖ್ಯೆಯ ಸುತ್ತ ಟ್ಯಾಗು ಮಾತ್ರ ಹಾಕಿ, ಅಚ್ಚಿಗೆ ಹೋಗುವಾಗ ಗೆರೆ ಮೂಡಿಸುವುದು ಒಳ್ಳೆಯದು.